ಓದಲಿ, ಆದರೆ ಅಳಿಸದಿರಲಿ

ಮನೆಯಲ್ಲಿರುವ ಎರಡು-ಮೂರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಈಗ ಸಾಹಸದ ಕೆಲಸವೇನಲ್ಲ. ಇಂಟರ್‌ನೆಟ್‌ಗಾಗಿ ಹಾಕಿಸಿದ ವೈಫೈ ಪೆಟ್ಟಿಗೆಯೇ ಅಪ್ಪನ ಹಳೆಯ ಡೆಸ್ಕ್‌ಟಾಪ್, ಮಗಳ ಲ್ಯಾಪ್‌ಟಾಪ್, ಹಜಾರದ ಟಿ.ವಿ. ಎಲ್ಲವನ್ನೂ ಒಂದು ಜಾಲಕ್ಕೆ ತಂದಿರುತ್ತದೆ. ಒಂದು ಫೋಲ್ಡರನ್ನು ಹಂಚಿಕೆಗೆ ಇಟ್ಟರೆ ಪೆನ್‌ಡ್ರೈವ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುವುದು ತಪ್ಪುತ್ತದೆ. ತೊಂದರೆ ಹುಟ್ಟುವುದು ಜೋಡಿಸುವುದರಲ್ಲಲ್ಲ. ಆ ಫೋಲ್ಡರಿನಲ್ಲಿ ಯಾರಿಗೆ ಏನು ಮಾಡಲು ಬಿಡಬೇಕು ಎಂಬುದರಲ್ಲಿ.

ಪರಿಚಯದ ಪೋಷಕರೊಬ್ಬರು ಬೇಸರದಿಂದ ಹೇಳಿದ ಸಂಗತಿ ಕೇಳಿ. ಹತ್ತನೇ ತರಗತಿಯ ಮಗಳ ವಿಜ್ಞಾನ ಪ್ರಾಜೆಕ್ಟ್ ಡೆಸ್ಕ್‌ಟಾಪಿನ ಹಂಚಿಕೆ ಫೋಲ್ಡರಿನಲ್ಲಿತ್ತು. ತಮ್ಮ ಮಹಾಶಯ ತನ್ನ ಲ್ಯಾಪ್‌ಟಾಪಿನಲ್ಲಿ ಕುಳಿತು, ಆಟಗಳಿಗೆ ಜಾಗ ಮಾಡಲೆಂದು, ‘ಬೇಡದ್ದನ್ನೆಲ್ಲ’ ಅಳಿಸಿದ. ರೀಸೈಕಲ್ ಬಿನ್ ತೆರೆದರೆ ಅಲ್ಲಿ ಏನೂ ಇಲ್ಲ. ಡೆಸ್ಕ್‌ಟಾಪಿನ ಬುಟ್ಟಿಯಲ್ಲೂ ಇಲ್ಲ. ಎಲ್ಲಿ ಹೋಯಿತು? ಜಾಲದ ಮೂಲಕ ಇನ್ನೊಂದು ಕಂಪ್ಯೂಟರಿನ ಕಡತವನ್ನು ಅಳಿಸಿದಾಗ ಅದು ಸಾಮಾನ್ಯವಾಗಿ ಯಾರ ಬುಟ್ಟಿಗೂ ಬೀಳುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಹುಡುಗನಿಗೆ ಬೈಗುಳ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ತಪ್ಪು ಅವನದಲ್ಲ, ಆ ಫೋಲ್ಡರನ್ನು ‘ಎವ್ರಿಒನ್ – ಫುಲ್ ಕಂಟ್ರೋಲ್’ ಎಂದು ತೆರೆದಿಟ್ಟವರದು.

ವಿಂಡೋಸ್ ಕಂಪ್ಯೂಟರಿನಲ್ಲಿ ಹಂಚಿದ ಫೋಲ್ಡರಿಗೆ ಎರಡು ಬಾಗಿಲುಗಳಿರುತ್ತವೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೊದಲನೆಯದು ಕಾಂಪೌಂಡಿನ ಗೇಟು. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ‘ಶೇರಿಂಗ್’, ‘ಅಡ್ವಾನ್ಸ್‌ಡ್ ಶೇರಿಂಗ್’, ‘ಪರ್ಮಿಷನ್ಸ್’ ಎಂದು ಹೋದರೆ ಇದು ಸಿಗುತ್ತದೆ. ಇಲ್ಲಿ ಮೂರೇ ಆಯ್ಕೆ: ಓದುವುದು, ಬದಲಿಸುವುದು, ಪೂರ್ಣ ಹಿಡಿತ. ಎರಡನೆಯದು ಕೋಣೆಯ ಬಾಗಿಲು. ಅದೇ ಪ್ರಾಪರ್ಟೀಸ್ ಕಿಟಕಿಯ ‘ಸೆಕ್ಯುರಿಟಿ’ ಎಂಬ ಪುಟದಲ್ಲಿದೆ. ಇಲ್ಲಿನ ಪಟ್ಟಿ ಸ್ವಲ್ಪ ಉದ್ದ.

ಜಾಲದ ಮೂಲಕ ಬರುವವರು ಎರಡೂ ಬಾಗಿಲುಗಳನ್ನು ದಾಟಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದರ ಮಾತೇ ನಡೆಯುತ್ತದೆ. ಗೇಟಿನಲ್ಲಿ ‘ಓದಬಹುದು’ ಎಂದಷ್ಟೇ ಇದ್ದರೆ, ಕೋಣೆಯಲ್ಲಿ ‘ಪೂರ್ಣ ಹಿಡಿತ’ ಕೊಟ್ಟಿದ್ದರೂ ಲ್ಯಾಪ್‌ಟಾಪಿನಿಂದ ಬಂದವನು ಓದಬಹುದಷ್ಟೇ. ಆದರೆ ಅದೇ ವ್ಯಕ್ತಿ ಡೆಸ್ಕ್‌ಟಾಪಿನ ಮುಂದೆಯೇ ಕುಳಿತರೆ? ಅವನು ಆಗಲೇ ಕಾಂಪೌಂಡಿನ ಒಳಗಿದ್ದಾನೆ. ಗೇಟು ಅವನಿಗೆ ಲೆಕ್ಕಕ್ಕಿಲ್ಲ, ಕೋಣೆಯ ಬಾಗಿಲೊಂದೇ ಅಡ್ಡಿ. “ಲ್ಯಾಪ್‌ಟಾಪಿನಿಂದ ಅಳಿಸಲಾಗುವುದಿಲ್ಲ, ಡೆಸ್ಕ್‌ಟಾಪಿನಿಂದ ಅಳಿಸಬಹುದು, ಇದೆಂಥ ವಿಚಿತ್ರ?” ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಇನ್ನೊಂದು ಸೂಕ್ಷ್ಮವಿದೆ. ‘ಡಿ’ ಡ್ರೈವಿನಲ್ಲಿ ಹೊಸದಾಗಿ ಮಾಡಿದ ಫೋಲ್ಡರಿನ ಕೋಣೆ ಬಾಗಿಲು, ಆ ಕಂಪ್ಯೂಟರಿನಲ್ಲಿ ಖಾತೆ ಇರುವ ಎಲ್ಲರಿಗೂ ತಿದ್ದುವ, ಅಳಿಸುವ ಅನುಮತಿಯನ್ನು ಸಾಮಾನ್ಯವಾಗಿ ಮೊದಲೇ ಕೊಟ್ಟಿರುತ್ತದೆ. ಗೇಟಿನಲ್ಲಿ ನೀವು ಫುಲ್ ಕಂಟ್ರೋಲ್ ಎಂದು ಗುರುತು ಹಾಕಿದಿರೋ, ಎರಡೂ ಬಾಗಿಲು ಹಾರುಹೊಡೆದಂತೆ. ಗೇಟಿನಲ್ಲಿ ವಿಂಡೋಸ್ ತಾನಾಗಿ ಇಡುವುದು ‘ಎವ್ರಿಒನ್ – ರೀಡ್’ ಮಾತ್ರ. ಅದನ್ನು ಸಡಿಲಿಸುವವರು ನಾವೇ. ಏನೋ ತೆರೆಯಲಿಲ್ಲ, ಸಿಟ್ಟು ಬಂತು, ಇದ್ದ ಗುರುತುಗಳನ್ನೆಲ್ಲ ಹಾಕಿಬಿಟ್ಟೆವು!

ಹಾಗೆಯೇ ‘ಡಿನೈ’ ಎಂಬ ಕಾಲಮ್ಮಿನ ತಂಟೆಗೆ ಹೋಗಬೇಡಿ. ಒಬ್ಬ ವ್ಯಕ್ತಿಗೆ ಬೇರೆ ಬೇರೆ ಗುಂಪುಗಳಿಂದ ಬರುವ ಅನುಮತಿಗಳು ಕೂಡಿಕೊಳ್ಳುತ್ತವೆ, ಆದರೆ ಒಂದು ನಿರಾಕರಣೆ ಸಾಮಾನ್ಯವಾಗಿ ಅವೆಲ್ಲವನ್ನೂ ಹೊಡೆದುಹಾಕುತ್ತದೆ. ಎವ್ರಿಒನ್ ಎದುರು ಡಿನೈ ಎಂದು ಗುರುತು ಹಾಕಿದರೆ ಹೊರಗುಳಿಯುವವರಲ್ಲಿ ನೀವೂ ಒಬ್ಬರು. ‘ಎಲ್ಲರೂ’ ಎಂಬುದರಲ್ಲಿ ಯಜಮಾನರೂ ಸೇರಿದ್ದಾರಲ್ಲವೇ? ಯಾರಿಗಾದರೂ ಅನುಮತಿ ಬೇಡವೆಂದಾದರೆ ಅವರ ಹೆಸರನ್ನು ಪಟ್ಟಿಗೆ ಸೇರಿಸದಿದ್ದರೆ ಸಾಕು.

ಇದೆಲ್ಲ ನಡೆಯಬೇಕಾದರೆ ಬಂದವರು ಯಾರು ಎಂದು ಕಂಪ್ಯೂಟರಿಗೆ ತಿಳಿಯಬೇಕು. ಇಡೀ ಮನೆಗೆ ಒಂದೇ ಖಾತೆ, ಅದಕ್ಕೆ ಪಾಸ್‌ವರ್ಡೂ ಇಲ್ಲ ಎಂದಾದರೆ ಅನುಮತಿಯ ಮಾತೇ ಹುಸಿ. ಕಡತಗಳಿರುವ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಖಾತೆ ತೆರೆಯಿರಿ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ಸಾಮಾನ್ಯವಾಗಿ ಜಾಲದ ಮೂಲಕ ಒಳಗೆ ಬಿಡುವುದಿಲ್ಲ. ಇದರಿಂದ ಬೇಸತ್ತು ಅನೇಕರು ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಎಂಬುದನ್ನೇ ಆರಿಸಿಬಿಡುತ್ತಾರೆ. ಬಾಗಿಲ ಚಿಲಕ ಬಿಗಿಯೆಂದು ಬಾಗಿಲನ್ನೇ ಕಿತ್ತಂತೆ! ನಾಲ್ಕಂಕಿಯ ‘ಪಿನ್’ ಒತ್ತಿ ಲ್ಯಾಪ್‌ಟಾಪ್ ತೆರೆಯುವವರು ಗಮನಿಸಿ: ಆ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ. ಇನ್ನೊಂದು ಕಂಪ್ಯೂಟರಿನ ಫೋಲ್ಡರಿಗೆ ಹೋಗುವಾಗ ಅದು ಕೇಳುವುದು ಖಾತೆಯ ಪಾಸ್‌ವರ್ಡನ್ನು. “ಸರಿಯಾಗೇ ಒತ್ತಿದೆ, ಬಿಡುತ್ತಿಲ್ಲ” ಎಂಬ ದೂರುಗಳಲ್ಲಿ ಹಲವು ಇಲ್ಲಿಗೆ ಬಂದು ನಿಲ್ಲುತ್ತವೆ.

ಹಳೆಯ ಪುಸ್ತಕಗಳಲ್ಲಿ ‘ಹೋಮ್‌ಗ್ರೂಪ್’ ಮಾಡಿಕೊಳ್ಳಿ ಎಂಬ ಸಲಹೆ ಕಾಣಬಹುದು. 2009ರಲ್ಲಿ ವಿಂಡೋಸ್ 7ರ ಜೊತೆ ಬಂದ ಆ ಸೌಲಭ್ಯವನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಿದರು. ಹುಡುಕಿ ಸಮಯ ಕಳೆಯಬೇಡಿ.

ಮನೆಗೆ ಮೂರು ಫೋಲ್ಡರುಗಳು ಸಾಕು ಎಂದು ನನ್ನ ಲೆಕ್ಕ. ಹಾಡು, ಚಿತ್ರ, ಫೋಟೋಗಳದ್ದು ಒಂದು; ಎಲ್ಲರೂ ಓದಬಹುದು, ಸೇರಿಸುವವರು ಒಬ್ಬರೇ. ಟಿ.ವಿ.ಗೆ ಓದುವ ಅನುಮತಿಗಿಂತ ಹೆಚ್ಚಿನದು ಏಕೆ ಬೇಕು? ಇನ್ನೊಂದು ಕೊಟ್ಟು-ತೆಗೆದುಕೊಳ್ಳುವ ಫೋಲ್ಡರು; ಯಾರು ಏನನ್ನಾದರೂ ಹಾಕಲಿ, ತೆಗೆಯಲಿ, ಅಲ್ಲಿರುವುದು ಕಳೆದರೆ ಅಳಬಾರದು. ಮಕ್ಕಳ ಶಾಲಾ ಕೆಲಸ ಅವರವರ ಹೆಸರಿನ ಫೋಲ್ಡರಿನಲ್ಲಿರಲಿ. ತಿದ್ದುವ ಅನುಮತಿ ಆ ಮಗುವಿಗೆ ಮಾತ್ರ, ಅಪ್ಪ ಅಮ್ಮನಿಗೆ ಓದುವ ಅನುಮತಿ. ಬ್ಯಾಂಕ್, ಆಧಾರ್, ಜಮೀನಿನ ಕಾಗದಗಳನ್ನು ಹಂಚಿಕೆಗೆ ಇಡಲೇಬೇಡಿ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ಈ ನಿಯಮ ನನ್ನದಲ್ಲ. 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು ಬರೆದ ಪ್ರಬಂಧದ ಮುಖ್ಯ ಸೂತ್ರಗಳಲ್ಲಿ ಇದೂ ಒಂದು.

ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಸೊಗಸಾದ ಗಣಿತವಿದೆ. ಯೂನಿಕ್ಸ್ ಕಾಲದಿಂದ ಬಂದ ಈ ಪದ್ಧತಿಯಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಬೇಕಾದವನ್ನು ಕೂಡಿಸಿ. ಓದು ಮತ್ತು ಬರೆ ಎಂದರೆ 6, ಓದು ಮತ್ತು ನಡೆಸು ಎಂದರೆ 5, ಮೂರೂ ಬೇಕಾದರೆ 7. ಮೊದಲ ಅಂಕಿ ಕಡತದ ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ. ಹಾಗಾದರೆ 640 ಎಂದರೇನು? ಒಡೆಯ ಓದಿ ಬರೆಯಬಹುದು, ಗುಂಪಿನವರು ಓದಬಹುದು, ಹೊರಗಿನವರಿಗೆ ಏನೂ ಇಲ್ಲ. ಅಂಕಿಗಳು 1, 2, 3 ಆಗದೆ 1, 2, 4 ಏಕೆ? 1, 2, 3 ಆಗಿದ್ದರೆ ಉತ್ತರ 3 ಬಂದಾಗ ಅದು ಮೂರನೆಯ ಅನುಮತಿಯೋ, ಮೊದಲೆರಡರ ಮೊತ್ತವೋ ತಿಳಿಯುತ್ತಿರಲಿಲ್ಲ. 1, 2, 4 ರಿಂದ 0ಯಿಂದ 7ರವರೆಗಿನ ಪ್ರತಿ ಸಂಖ್ಯೆಯೂ ಒಂದೇ ಒಂದು ರೀತಿಯಲ್ಲಿ ಹುಟ್ಟುತ್ತದೆ. ದ್ವಿಮಾನ ಪದ್ಧತಿಯ ಪಾಠ ನೆನಪಾಯಿತೇ?

ಲಿನಕ್ಸ್‌ನಲ್ಲಿ ಜಾಣರನ್ನೂ ತಬ್ಬಿಬ್ಬು ಮಾಡುವ ಸಂಗತಿ ಒಂದಿದೆ. ಕಡತವನ್ನು ಅಳಿಸಲು ಕಡತದ ಮೇಲೆ ಬರೆಯುವ ಅನುಮತಿ ಬೇಕಿಲ್ಲ, ಅದು ಇರುವ ಫೋಲ್ಡರಿನ ಮೇಲೆ ಬರೆಯುವ ಮತ್ತು ಒಳಹೋಗುವ ಅನುಮತಿ ಇದ್ದರಾಯಿತು. ಫೋಲ್ಡರನ್ನು ಹಾಜರಿ ಪುಸ್ತಕವೆಂದುಕೊಳ್ಳಿ. ಪುಸ್ತಕ ಯಾರ ಕೈಯಲ್ಲಿದೆಯೋ ಅವರು ಹೆಸರು ಹೊಡೆದುಹಾಕಬಲ್ಲರು. ಹುಡುಗನ ಒಪ್ಪಿಗೆ ಯಾರಿಗೆ ಬೇಕು?

ಅಳಿಸುವವರು ಮನೆಯ ಮಕ್ಕಳೇ ಆಗಬೇಕಿಲ್ಲ. 2001ರ ಸೆಪ್ಟೆಂಬರಿನಲ್ಲಿ ಹಬ್ಬಿದ ‘ನಿಮ್ಡಾ’ ಎಂಬ ಕಂಪ್ಯೂಟರ್ ಹುಳು ಬಳಸಿದ ದಾರಿಗಳಲ್ಲಿ ತೆರೆದಿಟ್ಟ ಹಂಚಿಕೆ ಫೋಲ್ಡರುಗಳೂ ಇದ್ದವು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಈಗಿನ ರಾನ್ಸಮ್‌ವೇರ್ ಯಾವ ಖಾತೆಯಲ್ಲಿ ಹೊಕ್ಕುತ್ತದೆಯೋ ಆ ಖಾತೆಯ ಅಧಿಕಾರವನ್ನೇ ಚಲಾಯಿಸುತ್ತದೆ. ಮಗನ ಲ್ಯಾಪ್‌ಟಾಪಿಗೆ ಅದು ಬಂದರೆ, ಅವನಿಗೆ ಓದುವ ಅನುಮತಿ ಮಾತ್ರ ಇರುವ ಅಕ್ಕನ ಫೋಲ್ಡರನ್ನು ಅವನ ಹೆಸರಿನಲ್ಲಿ ಕೆಡಿಸಲಾರದು. ಆದರೂ ವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ನಕಲು ತೆಗೆದು, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಹಾಸ್ಟೆಲಿನಲ್ಲಿ, ಪಿ.ಜಿ.ಯಲ್ಲಿ ಇರುವ ವಿದ್ಯಾರ್ಥಿಗಳು ಅಲ್ಲಿನ ವೈಫೈಯನ್ನು ‘ಪಬ್ಲಿಕ್’ ಎಂದೇ ಗುರುತಿಸಬೇಕು. ‘ಪ್ರೈವೇಟ್’ ಎಂಬುದು ಮನೆಗೆ ಮಾತ್ರ.

ಇಷ್ಟಾದ ಮೇಲೆ ಒಂದು ಪ್ರಯೋಗ ಮಾಡಿ. ತಮ್ಮನ ಲ್ಯಾಪ್‌ಟಾಪಿನಿಂದ ಅಕ್ಕನ ಫೋಲ್ಡರನ್ನು ತೆರೆದು, ಪ್ರಯೋಗಕ್ಕೆಂದೇ ಇಟ್ಟ ಒಂದು ಖಾಲಿ ಕಡತವನ್ನು ಅಳಿಸಲು ನೋಡಿ. ಅನುಮತಿ ಇಲ್ಲವೆಂಬ ಸೂಚನೆ ಬರಬೇಕು. ಆಮೇಲೆ ಡೆಸ್ಕ್‌ಟಾಪಿನಲ್ಲಿ ತಮ್ಮನ ಖಾತೆಯಿಂದ ಅದನ್ನೇ ಮಾಡಿ ನೋಡಿ. ಕೋಣೆಯ ಬಾಗಿಲಿನ ಪರೀಕ್ಷೆ ಆಗುವುದು ಇಲ್ಲಿ. ಕೊನೆಗೆ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಶೇರ್’ ಎಂಬೆರಡು ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಕಂಪ್ಯೂಟರ್ ಹಂಚಿರುವ ಫೋಲ್ಡರುಗಳ ಪಟ್ಟಿ ಬರುತ್ತದೆ. ಎಂದೋ ಹಂಚಿ ಮರೆತದ್ದು ಒಂದಾದರೂ ಅದರಲ್ಲಿ ಇದ್ದೀತು, ತೆಗೆದುಬಿಡಿ. ಡಾಲರ್ ಚಿಹ್ನೆಯಿಂದ ಕೊನೆಯಾಗುವ ಹೆಸರುಗಳು ಮಾತ್ರ ವಿಂಡೋಸ್ ತನ್ನ ಆಡಳಿತಕ್ಕೆಂದು ಇಟ್ಟುಕೊಂಡವು. ಅವುಗಳನ್ನು ಮುಟ್ಟಬೇಡಿ.