ಒಂದೇ ಒಂದು ಓಟು

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆಗೆ ಮತದಾನ. ಕೊಳ್ಳೇಗಾಲದಲ್ಲಿರುವ ನಮ್ಮ ಭಾಬಿಗೆ ಫೋನ್ ಮಾಡಿ, “ಓಟು ಹಾಕಿದ್ರಾ?” ಎಂದು ಕೇಳಿದೆ. “ಜುಮಾ ಮುಗಿಸಿ ಎಲ್ಲರೂ ಊಟಕ್ಕೆ ಬರ್ತಾರೆ, ಅಡುಗೆ ಆಗಿಲ್ಲ, ಹೊರಗೆ ಬೆಂಕಿಯಂಥ ಬಿಸಿಲು. ನನ್ನದೊಂದು ಓಟಿನಿಂದ ಏನಾಗುತ್ತೆ ಬಿಡಮ್ಮ” ಎಂದರು. ಬೇರೆ ಊರಿನವರು ಹೇಳಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಸೀಮೆಯವರು ಈ ಮಾತು ಹೇಳುವುದೇ?

ಸಹೋದರಿಯರೇ, ಆಗ ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರವಿತ್ತು. ಯಳಂದೂರು ಅದಕ್ಕೇ ಸೇರಿತ್ತು. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದ ಮತ 40,752. ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಮತ! ಕೃಷ್ಣಮೂರ್ತಿಯವರ ಕಾರಿನ ಚಾಲಕ ಅಂದು ಕೆಲಸದಲ್ಲಿದ್ದುದರಿಂದ ಮತ ಹಾಕಲಾಗಲಿಲ್ಲ ಎಂಬ ಮಾತು ಆ ಕಡೆ ಇಂದಿಗೂ ಇದೆ. ಆ ಚಾಲಕನ ಮನಸ್ಸು ಎಷ್ಟು ನೊಂದಿತ್ತೋ.

ಹೆಗ್ಗವಾಡಿ ಎಂಬ ಹಳ್ಳಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನ ಓದಿದ ಧ್ರುವನಾರಾಯಣ ಹೀಗೆ ಮೊದಲ ಬಾರಿ ಶಾಸಕರಾದರು. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು, ಯಳಂದೂರು ಕೊಳ್ಳೇಗಾಲಕ್ಕೆ ಸೇರಿತು. 2008ರಲ್ಲಿ ಅವರು ಅಲ್ಲಿಂದ ಗೆದ್ದರು. ಮರುವರ್ಷವೇ ಹನೂರು, ಕೊಳ್ಳೇಗಾಲಗಳನ್ನೊಳಗೊಂಡ ಚಾಮರಾಜನಗರ ಮೀಸಲು ಕ್ಷೇತ್ರದಿಂದ ದಿಲ್ಲಿಗೆ ಹೋದರು. ಎದುರಾಳಿ ಮತ್ತೆ ಕೃಷ್ಣಮೂರ್ತಿಯವರೇ, ಈ ಸಲ ಬಿಜೆಪಿಯಿಂದ. ಅಂತರ ಸುಮಾರು ನಾಲ್ಕು ಸಾವಿರ. 2014ರಲ್ಲಿ ಅದೇ ಜೋಡಿ ಮತ್ತೆ ಎದುರಾದಾಗ ಅಂತರ ಲಕ್ಷ ದಾಟಿತು.

ಒಂದು ಮತದಿಂದ ಬಾಗಿಲು ತೆರೆದವರಿಗೆ ಆ ಬಾಗಿಲು ಮುಚ್ಚಿದ್ದೂ ಅಲ್ಪ ಮತಗಳಿಂದಲೇ. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಇನ್ನೂರ ಮೂವತ್ತೂ ಬರುವುದಿಲ್ಲ. ನಮ್ಮ ಒಂದು ಬೀದಿಯ ಹೆಂಗಸರು ಸೇರಿದರೆ ಅಷ್ಟಾಗುತ್ತಾರೆ!

2023ರ ಮಾರ್ಚ್ 11ರಂದು ಧ್ರುವನಾರಾಯಣ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಅರವತ್ತೊಂದು. ತಿಂಗಳೊಳಗೆ ಅವರ ಪತ್ನಿಯೂ ಹೋದರು. ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗ ದರ್ಶನ್ ಮೇ ತಿಂಗಳಲ್ಲಿ ನಂಜನಗೂಡಿನ ಶಾಸಕರಾದರು. ಅದೇ ಚುನಾವಣೆಯಲ್ಲಿ ಕೃಷ್ಣಮೂರ್ತಿಯವರೂ ಗೆದ್ದರು. ಕೊಳ್ಳೇಗಾಲದಿಂದ, ಧ್ರುವನಾರಾಯಣ ಇದ್ದ ಕಾಂಗ್ರೆಸ್ ಪಕ್ಷದಿಂದಲೇ, ಐವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ. ಒಂದು ಮತಕ್ಕೆ ಹತ್ತೊಂಬತ್ತು ವರ್ಷ ಕಾದಂತಾಯಿತು.

ಇಷ್ಟೂ ಕಥೆ ಹೇಳಿದ ಮೇಲೆ ಭಾಬಿ ಅಸರ್ ನಮಾಝ್ ಮುಗಿಸಿ ಬುರ್ಖಾ ಹಾಕಿಕೊಂಡು ಹೊರಟರು. ಸೊಸೆಯನ್ನೂ ಕರೆದೊಯ್ದರು. ಆದರೆ ಸೊಸೆಯ ಹೆಸರು ಇನ್ನೂ ಹನೂರಿನ ತವರಿನ ಪಟ್ಟಿಯಲ್ಲೇ ಇತ್ತು. ಮದುವೆಯಾಗಿ ಎರಡು ವರ್ಷವಾದರೂ ಯಾರಿಗೂ ಅದು ನೆನಪಾಗಿರಲಿಲ್ಲ. ಪಾಪ, ಹುಡುಗಿ ಬರಿಗೈಯಲ್ಲಿ ಹಿಂದಿರುಗಿದಳು. ಹೆಸರು ವರ್ಗಾಯಿಸಲು ನಮೂನೆ 8 ತುಂಬಿ ಮತಗಟ್ಟೆ ಅಧಿಕಾರಿಗೆ ಕೊಟ್ಟರೆ ಸಾಕು. ನಿಮ್ಮ ಮನೆಗೆ ಬಂದ ಸೊಸೆಯ ಹೆಸರು ಎಲ್ಲಿದೆ, ನೋಡಿದ್ದೀರಾ?