ಮೊದಲು ಮುಕ್ಕಾಮು, ಆಮೇಲೆ ದಾರಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. "ಸರ್, ನಾವು ನಾಲ್ಕು ಮಂದಿ ಊರಿಗೆ ಬರ್ಲಕತ್ತೀವ್ರಿ. ಕಲಬುರಗಿಯಿಂದ ಬೈಕ್ ಮ್ಯಾಲ ಎರಡು ದಿನ ಸುತ್ತಬೇಕಂತ ಮಾಡೀವಿ. ಚೊಲೋ ನೋಟ ಇರೋ ದಾರಿ ಹೇಳ್ರಿ. ರಾತ್ರಿ ಗಾಣಗಾಪುರದಾಗ ವಸ್ತಿ" ಎಂದ. ತಾನೇ ಬರೆದ ಒಂದು ಪಟ್ಟಿಯನ್ನೂ ಕಳುಹಿಸಿದ್ದ. ಮೊದಲ ದಿನವೇ ಕಲಬುರಗಿಯ ಕೋಟೆ, ಬಂದೇನವಾಜರ ದರ್ಗಾ, ಸನ್ನತಿ, ಜೇವರ್ಗಿ, ಅಫಜಲಪುರ. ರಾತ್ರಿ ಹತ್ತಕ್ಕೆ ಗಾಣಗಾಪುರ. ಮರುದಿನ ಬೆಳಗ್ಗೆ ಅವಸರದ ದರ್ಶನ, ಆಮೇಲೆ ಆಳಂದ, ಅಲ್ಲಿಂದ ಮರಳಿ ಕಲಬುರಗಿ. ಊರುಗಳ ಹೆಸರಿನಲ್ಲಿ ತಪ್ಪಿರಲಿಲ್ಲ. ಆದರೂ ಆ ಪಟ್ಟಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮನಸ್ಸಾಯಿತು. ಮಾಸ್ತರಿಕೆಯ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ ನೋಡಿ!

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದ ಯೋಜನೆಯಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಮುಕ್ಕಾಮು. ಅದೂ ಸೂರ್ಯಾಸ್ತಕ್ಕೆ ಮುಂಚೆ ತಲುಪುವ ಮುಕ್ಕಾಮು. ದಾರಿಯನ್ನು ಅದಕ್ಕೆ ಹೊಂದಿಸಬೇಕೇ ಹೊರತು, ದಾರಿಯೆಲ್ಲ ಮುಗಿದ ಮೇಲೆ ಉಳಿದ ಕತ್ತಲೆಯನ್ನು ಮುಕ್ಕಾಮಿಗೆ ಕೊಡಬಾರದು. ನಮ್ಮ ಕಡೆಯ ಹಳ್ಳಿಗಳಿಗೆ ಬರುತ್ತಿದ್ದ ವಸ್ತಿ ಬಸ್ಸು ನಿಮಗೆ ನೆನಪಿರಬಹುದು. ಸಂಜೆ ಬಂದು, ರಾತ್ರಿ ಊರಿನಲ್ಲಿಯೇ ತಂಗಿ, ನಸುಕಿನಲ್ಲಿ ಹೊರಡುತ್ತಿದ್ದ ಆ ಬಸ್ಸಿನ ದಿನಚರಿಯೆಲ್ಲ ವಸ್ತಿಯ ಸುತ್ತಲೇ ಕಟ್ಟಿಕೊಂಡಿರುತ್ತಿತ್ತು. ನಾನು ಹೇಳುವುದೂ ಅದೇ ವಿವೇಕ.

ಇದಕ್ಕೆ ಮೊದಲ ಕಾರಣ ನಮ್ಮ ನಾಡಿನ ನೋಟದ ಸ್ವಭಾವ. ಆಗುಂಬೆ, ಕುದುರೆಮುಖಗಳ ದಾರಿಯಲ್ಲಿ ಚೆಲುವು ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮದು ಎರೆಭೂಮಿಯ ಬಯಲು. ಇಲ್ಲಿ ಬೆಟ್ಟವಿಲ್ಲ, ಕಾಡಿಲ್ಲ. ನಡುಹಗಲಿನಲ್ಲಿ ನೋಡಿದವನು "ಏನೂ ಇಲ್ಲ" ಎಂದು ಹೋಗುತ್ತಾನೆ. ಆದರೆ ಬಿಸಿಲು ಓರೆಯಾದಾಗ ಅದೇ ಬಯಲು ಬೇರೆ. ಹಳದಿ ಹೂ ಬಿಟ್ಟ ತೊಗರಿಯ ಹೊಲ, ಮೊಣಕಾಲುದ್ದ ಬೆಳೆದ ಬಿಳಿಜೋಳ, ದೂರದಲ್ಲಿ ಭೀಮೆಯ ಮಿಂಚು. ಗಾಣಗಾಪುರದ ಸೊಬಗಿರುವುದು ಸಂಜೆಯ ಒಂದು ತಾಸು, ಬೆಳಗಿನ ಒಂದು ತಾಸು. ರಾತ್ರಿ ಹತ್ತಕ್ಕೆ ತಲುಪುವವನು ಒಂದನ್ನು ಕತ್ತಲೆಯಲ್ಲಿ ಕಳೆದುಕೊಳ್ಳುತ್ತಾನೆ, ಇನ್ನೊಂದನ್ನು ದಣಿವಿನ ನಿದ್ದೆಯಲ್ಲಿ.

ಎರಡನೆಯ ಕಾರಣವನ್ನು ಹೇಳಲು ನನಗೆ ನಾಲ್ವತ್ತು ವರ್ಷಗಳು ಬೇಕಾದವು. ಬಂಧುಗಳು ಇದನ್ನು ಗಮನವಿಟ್ಟು ಓದಬೇಕು. ನನ್ನ ತಮ್ಮನ ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಮದುವೆ-ಮುಂಜಿವೆಗಳಲ್ಲಿ ಅವನು ಪಂಕ್ತಿಯಲ್ಲಿ ಕೂಡದೆ ಕುರ್ಚಿಯ ಮೇಲೆ ಉಣ್ಣುವುದನ್ನು ನೀವೆಲ್ಲ ಕಂಡಿದ್ದೀರಿ. "ದೀಪವಿಲ್ಲದ ಬಂಡಿಯವನಿಂದ ಹಾಗಾಯಿತು" ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಅದು ಅರ್ಧ ಸತ್ಯ. 1984ರ ಶಿವರಾತ್ರಿ ಕಳೆದ ವಾರ, ನನ್ನ ರಾಜದೂತ್ ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರೂ ಗಾಣಗಾಪುರಕ್ಕೆ ಹೋಗಿದ್ದೆವು. ಹೊತ್ತು ಮುಳುಗುವಾಗ ಪರಿಚಿತರೊಬ್ಬರು, "ಇವತ್ತ ಇಲ್ಲೇ ಇರ್ರಿ, ಮುಂಜಾನೆ ಹೋಗೀರಂತ" ಎಂದರು. ತಮ್ಮನೂ ಹಾಗೇ ಹೇಳಿದ. ನಾನು ಕೇಳಲಿಲ್ಲ. ಮರುದಿನ ಶಾಲೆಗೆ ಹೋಗಲೇಬೇಕೆಂಬ ಹಟ. ಚೌಡಾಪುರದ ಆಚೆ, ಜೋಳದ ಕಣಿಕೆ ಹೇರಿದ ಬಂಡಿ ಕತ್ತಲೆಯೊಳಗೆ ಕತ್ತಲೆಯಾಗಿ ಹೋಗುತ್ತಿತ್ತು. ನನಗೆ ಕಂಡಾಗ ತಡವಾಗಿತ್ತು. ಆ ಬಂಡಿಯವನೇ ಕಣಿಕೆ ಇಳಿಸಿ ತಮ್ಮನನ್ನು ಅದರ ಮೇಲೆ ಮಲಗಿಸಿಕೊಂಡು ಊರು ಮುಟ್ಟಿಸಿದ. ತಪ್ಪು ಅವನದಲ್ಲ, ರಾತ್ರಿಯ ವಸ್ತಿಯಿಲ್ಲದ ಯೋಜನೆ ಮಾಡಿದ ನನ್ನದು. ತಮ್ಮ ಇಷ್ಟು ವರ್ಷ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ.

ಈಗ ರಸ್ತೆ ಅಗಲವಾಗಿವೆ, ಗಾಡಿಗಳ ದೀಪ ಪ್ರಖರವಾಗಿವೆ ಎಂದು ತರುಣರು ಹೇಳಬಹುದು. ನಿಜ. ಆದರೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ದೀಪವಿಲ್ಲದ್ದನ್ನು ನಾನು ಈಗಲೂ ನೋಡುತ್ತೇನೆ. ಬಂಡಿ ಬದಲಾಗಿದೆ, ಕತ್ತಲೆ ಬದಲಾಗಿಲ್ಲ.

ಹಾಗಾದರೆ ದಾರಿ ಹೇಗಿರಬೇಕು? ನನ್ನ ಸಲಹೆ, ಒಂದು ಹೊಳೆಯ ಬೆನ್ನು ಹತ್ತಿರಿ. ಮೊದಲ ದಿನ ಬೆಳಗ್ಗೆ ಎಂಟಕ್ಕೆ ಕಲಬುರಗಿಯಿಂದ ಆಳಂದ ರಸ್ತೆ ಹಿಡಿಯಿರಿ. ದಾರಿಯಲ್ಲಿ ಸಿಗುವ ಕಡಗಂಚಿಯನ್ನು ಇಂದಿನವರು 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಬಲ್ಲರು. ಮರಾಠಿಯಲ್ಲಿ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಊರೆಂದು ಹಿರಿಯರು ಬಲ್ಲರು. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ನೋಡಿ, ಕೊರಳ್ಳಿಯ ಬಳಿ ಅಮರ್ಜಾ ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಿರಿ. ಅದೇ ಅಮರ್ಜೆ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ. ನೀವೂ ದಕ್ಷಿಣಕ್ಕಿಳಿದು ಸಂಜೆ ಐದರೊಳಗೆ ಅಲ್ಲಿಗೆ ಮುಟ್ಟಿರಿ. ದಿನದ ಓಟ ನೂರು ಕಿಲೋಮೀಟರಿನ ಆಸುಪಾಸು, ಅಷ್ಟು ಸಾಕು.

ಇಲ್ಲೊಂದು ಎಚ್ಚರ. ಗಾಣಗಾಪುರ ಎರಡಿವೆ: ರೈಲು ನಿಲ್ಲುವ ಸ್ಟೇಷನ್ ಗಾಣಗಾಪುರ, ದತ್ತಾತ್ರೇಯನ ದೇವಲ ಗಾಣಗಾಪುರ. ನಡುವೆ ಸುಮಾರು 20 ಕಿಲೋಮೀಟರು. ಮೊಬೈಲಿನ ನಕ್ಷೆಯಲ್ಲಿ ಪೂರ್ತಿ ಹೆಸರು ನೋಡಿಕೊಳ್ಳಿರಿ. ವಸತಿಗೆ ಕೋಣೆಯನ್ನು ಮುಂಚೆಯೇ ಹೇಳಿಡಿರಿ. ಹುಣ್ಣಿಮೆಗೆ, ಅದರಲ್ಲೂ ಮಾರ್ಗಶಿರ ಹುಣ್ಣಿಮೆಯ ದತ್ತಜಯಂತಿಗೆ, ಜನಸಾಗರ ನೆರೆಯುತ್ತದೆ.

ಮರುದಿನ ನಸುಕಿನಲ್ಲಿ ಗುಡಿಯಿಂದ ಮೂರು ಕಿಲೋಮೀಟರಿನಷ್ಟು ದೂರದ ಸಂಗಮಕ್ಕೆ ಹೋಗಿರಿ. ಔದುಂಬರದ ಕೆಳಗೆ ಗುರುಚರಿತ್ರೆಯ ಪಾರಾಯಣ ಮಾಡುವವರ ಮಂದ್ರಸ್ವರ, ನೀರಿನ ಮೇಲೆ ಮಂಜು. ನಂಬಿಗೆ ಇದ್ದವರು ಕೈ ಮುಗಿಯಿರಿ, ಇಲ್ಲದವರು ಸುಮ್ಮನೆ ಕುಳಿತುಕೊಳ್ಳಿರಿ. ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನ ಮಾಡಿ, ಮಧ್ಯಾಹ್ನದ ಮಧುಕರಿಯವರೆಗೂ ನಿಲ್ಲಿರಿ. ದತ್ತನೇ ಆ ಹೊತ್ತಿಗೆ ಭಿಕ್ಷುಕನ ವೇಷದಲ್ಲಿ ಬರುತ್ತಾನೆಂಬ ಭಾವನೆಯಿಂದ ಶ್ರೀಮಂತರೂ ಬಡವರೂ ಒಂದೇ ಓಣಿಯಲ್ಲಿ ಕೈಯೊಡ್ಡಿ ನಿಲ್ಲುವುದನ್ನು ನೋಡುವುದು ಒಂದು ಪಾಠ.

ಊಟದ ನಂತರ ಘತ್ತರಗಿಯ ಭಾಗ್ಯವಂತಿಯನ್ನು ಕಂಡು, ಭೀಮೆಯನ್ನು ದಾಟಿ ಜೇವರ್ಗಿಗೆ, ಅಲ್ಲಿಂದ ಹೆದ್ದಾರಿಯಲ್ಲಿ ಕಲಬುರಗಿಗೆ. ದಾರಿಯಲ್ಲಿ, 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿ ಹೊಳೆದಂಡೆಯಲ್ಲಿ ಕಟ್ಟಿಸಿದ ಫಿರೋಜಾಬಾದಿನ ಹಾಳು ಗೋಡೆಗಳಿವೆ. ಮಧುಕರಿ ಮುಗಿಯುವುದು ತಡವಾದರೆ ಘತ್ತರಗಿಯನ್ನು ಬಿಡಿರಿ, ಬೆಳಕನ್ನು ಬಿಡಬೇಡಿರಿ. ಸನ್ನತಿ ಈ ಸುತ್ತಿನಲ್ಲಿ ಬೇಡವೇ ಬೇಡ. ಕನಗನಹಳ್ಳಿಯ ಸ್ತೂಪವೂ, ಅಶೋಕನ ಹೆಸರನ್ನೇ ಕೊರೆದ ಶಿಲ್ಪವೂ ಒಂದು ಪೂರ್ತಿ ದಿನಕ್ಕೆ ಅರ್ಹವಾದವು.

ಕಾಲ ಯಾವುದು? ನವೆಂಬರಿನಿಂದ ಜನವರಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನೇ ಕಟ್ಟಿಹಾಕುತ್ತದೆ. ಉಜನಿ ಜಲಾಶಯದಿಂದ ನೀರು ಬಿಟ್ಟರೆ ಭೀಮೆ ದಂಡೆ ಮೀರುತ್ತಾಳೆ. 2020ರ ಅಕ್ಟೋಬರಿನ ಮಹಾಪೂರವನ್ನು ಮರೆಯುವಂತಿಲ್ಲ. ಹೆಲ್ಮೆಟ್ಟು ಹಿಂದೆ ಕುಳಿತವನಿಗೂ ಇರಲಿ. ಓಡಿಸುವವನ ಹಟಕ್ಕೆ ಬೆಲೆ ತೆರುವವನು ಎಷ್ಟೋ ಸಲ ಅವನೇ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಸ್ವಚ್ಛಂದದ ಸುಖ ಉಳಿಯುವುದೇ ಎಂದು ನನ್ನ ವಿದ್ಯಾರ್ಥಿ ಕೇಳಿದ. ಉಳಿಯುತ್ತದೆ. ರಾತ್ರಿ ಎಲ್ಲಿ ಎಂಬ ಚಿಂತೆ ತೀರಿದವನೇ ಹಗಲಿನಲ್ಲಿ ಮನಸ್ಸು ಬಂದಲ್ಲಿ ನಿಲ್ಲಬಲ್ಲ.

ಹೊಸ ಪಟ್ಟಿಯನ್ನು ಅವನಿಗೆ ಕಳುಹಿಸಿದ್ದೇನೆ. ಈ ಬರಹವನ್ನು ಮೊದಲು ತಮ್ಮನಿಗೆ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಆ ಬಂಡಿಯವನ ಎತ್ತು ಬಾಳ ಚೊಲೋ ಇದ್ವು, ಅದನ್ನೂ ಬರೀಬೇಕಿತ್ತು" ಎಂದ. ಬರೆದಿದ್ದೇನೆ. ಹೋಗುವ ಮಕ್ಕಳೇ, ಸಂಜೆ ಐದಕ್ಕೆ ಗಾಣಗಾಪುರ ಮುಟ್ಟಿದ ಕೂಡಲೇ ಈ ಮುದುಕನಿಗೊಂದು ಫೋನು ಮಾಡಿರಿ.