ತಾಯಲೂರಿನಿಂದ ಘಟ್ಟಕ್ಕೆ: ಮರಳುವ ದಾರಿಯ ಲೆಕ್ಕ

ಅಧ್ಯಯನ ಪ್ರವಾಸಗಳ ಕೊನೆಯ ದಿನಕ್ಕೆ ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಬೆಳಿಗ್ಗೆ ಊರಿನವರಿಗೆ ವಂದನಾರ್ಪಣೆ, ಒಂದು ಗುಂಪು ಚಿತ್ರ, ಬಸ್ಸು ಹೊರಟೊಡನೆ ಅಂತ್ಯಾಕ್ಷರಿ, ಊಟವಾದ ಮೇಲೆ ನಿದ್ದೆ. ನೋಡಬೇಕಾದುದೆಲ್ಲ ಮುಗಿಯಿತು, ಇನ್ನುಳಿದದ್ದು ಬರಿಯ ರಸ್ತೆ ಎಂಬ ಭಾವನೆ. ಮಲೆನಾಡಿನಿಂದ ಕೋಲಾರದ ಕಡೆಗೆ ಹೋಗುವವರ ಮಟ್ಟಿಗಂತೂ ಈ ಭಾವನೆ ಅಪಾಯಕಾರಿ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಿಂದ ಸಕಲೇಶಪುರಕ್ಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು. ಎತ್ತಿನಹೊಳೆಯ ನೀರು ಯಾವ ದಿಕ್ಕಿಗೆ ಸಾಗಬೇಕೆಂದು ಸರ್ಕಾರ ಹೇಳುತ್ತಿದೆಯೋ, ನಾವು ಮನೆಗೆ ಮರಳುವುದು ಅದರ ಎದುರು ದಿಕ್ಕಿನಲ್ಲಿ. ಮುಳಬಾಗಿಲಿನಿಂದ ಸಕಲೇಶಪುರದವರೆಗೆ ರಸ್ತೆಯೂ ಒಂದೇ, ರಾಷ್ಟ್ರೀಯ ಹೆದ್ದಾರಿ 75. ನೀರಿಗಾಗಿ ಕಾದವರ ಊರಿನಿಂದ ನೀರು ಹುಟ್ಟುವ ಊರಿಗೆ ಬರುವ ಈ ಒಂದು ಹಗಲಿನಲ್ಲಿ ಕಣ್ಣು ಮುಚ್ಚಿದವರು ಪ್ರವಾಸ ಮಾಡಿದಂತೆಯೇ ಅಲ್ಲ.

ಆಂಧ್ರದ ಗಡಿಗೆ ಸಮೀಪದ ತಾಯಲೂರು ಒಂದು ಹೋಬಳಿ ಕೇಂದ್ರ. ಕನ್ನಡ, ತೆಲುಗು ಎರಡೂ ನುಡಿಗಳು ಇಲ್ಲಿ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ರಾಗಿ, ಟೊಮೇಟೊ, ಹಿಪ್ಪುನೇರಳೆ, ಹಸುವಿನ ಹಾಲು ಈ ಸೀಮೆಯ ಬದುಕು. ಯಾವ ಊರಿನಲ್ಲಿ ಕುಳಿತರೂ ಮಾತು ಕಡೆಗೆ ಕೊಳವೆಬಾವಿಯ ಆಳಕ್ಕೆ ಬಂದು ನಿಲ್ಲುತ್ತದೆ. ಸಾವಿರ ಅಡಿ ದಾಟಿದ ಬಾವಿ, ಅದಕ್ಕೆ ಮಾಡಿದ ಸಾಲ, ಬಂದ ಅಲ್ಪ ನೀರಿನಲ್ಲಿ ಫ್ಲೋರೈಡ್. ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಇದ್ದ ಪಾಲಾರಿನ ನೀರಿಗೂ 1892ರಲ್ಲಿಯೇ ಮೈಸೂರು ಮತ್ತು ಮದರಾಸು ಸರ್ಕಾರಗಳ ಒಪ್ಪಂದ ಕಡಿವಾಣ ಹಾಕಿತ್ತು.

ಬಸ್ಸು ಹೊರಡುವಾಗಲೇ ನಮ್ಮ ಕಡೆಯ ಕೆಲವರು ಒಂದು ಮಾತು ಆಡುತ್ತಾರೆ: “ಕೋಲಾರದವರು ತಮ್ಮ ಕೆರೆಗಳನ್ನು ತಾವೇ ಹಾಳುಮಾಡಿಕೊಂಡರು. ಈಗ ನಮ್ಮ ಹೊಳೆಗೆ ಕೈಹಾಕುತ್ತಾರೆ.” ಈ ಮಾತನ್ನು ಮೊದಲು ಬಸ್ಸಿನಿಂದ ಕೆಳಗಿಳಿಸಬೇಕು. ಇದು ಸುಳ್ಳು ಮಾತ್ರವಲ್ಲ, ನಮ್ಮ ಹೋರಾಟವನ್ನೇ ಕೊಲ್ಲುವ ಮಾತು.

ರಾಜ್ಯದಲ್ಲಿಯೇ ಅತಿ ಹೆಚ್ಚು ಕೆರೆಗಳನ್ನು ಕಟ್ಟಿದ ಸೀಮೆಗಳಲ್ಲಿ ಕೋಲಾರವೂ ಒಂದು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿ ಹೆಣೆದು, ತೂಬು ಎತ್ತಲು ನೀರುಗಂಟಿಯನ್ನು ನೇಮಿಸಿ, ಹೂಳನ್ನು ಹೊಲಕ್ಕೆ ಹೊಡೆದು ಬದುಕಿದ ಜನ ಇವರು. ಕೆರೆಗಳನ್ನು ಊರಿನ ಕೈಯಿಂದ ಕಿತ್ತು ಇಲಾಖೆಗಳ ಕಡತಕ್ಕೆ ಸೇರಿಸಿದವರು ಯಾರು? 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಹಣದ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ನೀಲಗಿರಿ ಸಸಿ ಹಂಚಿ, ರಾಗಿಯ ಹೊಲಗಳನ್ನು ಕಾರ್ಖಾನೆಯ ಕಚ್ಚಾವಸ್ತುವಿನ ತೋಪುಗಳಾಗಿಸಿದವರು ಯಾರು? ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅಂತರ್ಜಲ ಪಾತಾಳ ಸೇರಿದ ಮೇಲೆ! ಬೆಂಗಳೂರಿನ ಕಟ್ಟಡಗಳಿಗಾಗಿ ಕೆರೆಯಂಗಳದ ಮಣ್ಣನ್ನು ತೊಳೆದು ‘ಫಿಲ್ಟರ್ ಮರಳು’ ಮಾಡಿದ ದಂಧೆಯ ಲಾಭ ಯಾವ ರೈತನ ಮನೆಗೆ ಹೋಯಿತು?

ಇನ್ನೂ ಹಿಂದಕ್ಕೆ ನೋಡಿ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ತಂದರು. ಚಿನ್ನಕ್ಕಾಗಿ ಕಾವೇರಿಯ ಶಕ್ತಿ ಕೋಲಾರದವರೆಗೆ ಬಂದಿತು, ಜನರ ಬಾಯಾರಿಕೆಗಾಗಿ ಬರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಗೆ ಹೋಗಿತ್ತು, ಸಯನೈಡು ಮಣ್ಣಿನ ದಿಬ್ಬಗಳು ಉಳಿದವು. ಘಟ್ಟದ ಜನರಿಗೆ ಈ ಕಥೆ ಹೊಸದೇ? ಕುದುರೆಮುಖದ ಅದಿರು, ಶರಾವತಿಯ ವಿದ್ಯುತ್ತು ಇದೇ ರೀತಿ ಹೋದವಲ್ಲವೇ?

ಬಸ್ಸು ಕೋಲಾರ ದಾಟಿ ನರಸಾಪುರದ ಕಡೆಗೆ ಬರುವಾಗ ಎರಡನೆಯ ಪಾಠ. ಇತ್ತಕಡೆಯ ಲಕ್ಷ್ಮೀಸಾಗರ ಕೆರೆಗೆ 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬಂದಿತು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟು ತಡೆ ನೀಡಬೇಕಾಯಿತು. ಆ ಬಳಿಕ ನೀರು ಮತ್ತೆ ಹರಿದಿದೆ, ಕೆರೆಗಳು ತುಂಬಿವೆ, ಎಷ್ಟೋ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಅದನ್ನು ಅಲ್ಲಗಳೆಯಲಾಗದು. ಆದರೆ ಈ ನೀರಿಗೆ ಸಿಕ್ಕಿರುವುದು ಎರಡನೆಯ ಹಂತದ ಶುದ್ಧೀಕರಣ ಮಾತ್ರ. ಮೂರನೆಯ ಹಂತವನ್ನು ಕೇಳಿದವರಿಗೆ “ನೀರು ಬಂತಲ್ಲ, ಸುಮ್ಮನಿರಿ” ಎಂಬ ಉತ್ತರ. ನಗರವು ಕಾವೇರಿಯನ್ನು ಕುಡಿಯುತ್ತದೆ, ಕುಡಿದು ಬಿಟ್ಟದ್ದನ್ನು ಕೋಲಾರಕ್ಕೆ ಕಳಿಸುತ್ತದೆ, ಕೋಲಾರವು ಅದರಲ್ಲಿ ತರಕಾರಿ ಬೆಳೆದು ಮತ್ತೆ ನಗರಕ್ಕೆ ಕಳಿಸುತ್ತದೆ. ಇದಕ್ಕೆ ಅಭಿವೃದ್ಧಿ ಎಂದು ಹೆಸರು!

ನೆಲಮಂಗಲ, ಕುಣಿಗಲ್, ಹಾಸನ ದಾಟಿ ಸಂಜೆಗೆ ಸಕಲೇಶಪುರ ಬರುವಷ್ಟರಲ್ಲಿ ಒಂದು ಲೆಕ್ಕವನ್ನು ಮುಗಿಸಿಬಿಡೋಣ. ಎತ್ತಿನಹೊಳೆ ಯೋಜನೆಯು ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಎತ್ತುವ ಭರವಸೆ ನೀಡಿದೆ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆಗಳಿಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಧ್ಯಯನದ ಪ್ರಕಾರ ಆ ಜಲಾನಯನದ ಒಟ್ಟು ಇಳುವರಿಯೇ 9.55 ಟಿಎಂಸಿ. 2012ರಲ್ಲಿ 8,323 ಕೋಟಿ ರೂಪಾಯಿಯ ಯೋಜನೆ 2014ರಲ್ಲಿ 12,912 ಕೋಟಿಗೆ, 2023ರಲ್ಲಿ 23,251 ಕೋಟಿಗೆ ಏರಿತು. ವೆಚ್ಚ ಉಕ್ಕಿ ಹರಿಯಿತು, ಹೊಳೆ ಮಾತ್ರ ಇದ್ದಷ್ಟೇ ಇದೆ.

ಈಗ ಸಾಲನ್ನು ನೋಡಿ: ಹಾಸನ, ಚಿಕ್ಕಮಗಳೂರು, ತುಮಕೂರು, ರಾಮನಗರ, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕಟ್ಟಕಡೆಗೆ ಕೋಲಾರ. ಯಾವುದೇ ನಾಲೆಯ ಕೊನೆಯಂಚಿನ ರೈತನನ್ನು ಕೇಳಿ, ನೀರು ಕಡಿಮೆಯಾದರೆ ಮೊದಲು ಒಣಗುವುದು ಯಾರ ಹೊಲವೆಂದು ಹೇಳುತ್ತಾನೆ. ತಾಯಲೂರು ಇರುವುದು ಆ ಕೊನೆಯಂಚಿನ ಜಿಲ್ಲೆಯಲ್ಲಿ, ಅದರಲ್ಲಿಯೂ ಮೂಡಣ ಗಡಿಯಲ್ಲಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಯಿತು. ಅಂದು ಎತ್ತಿದ ನೀರು ಹೋದದ್ದು ಕೋಲಾರಕ್ಕಲ್ಲ, ವಾಣಿವಿಲಾಸ ಸಾಗರದ ಕಡೆಗೆ. ಹಾಗಾದರೆ ಈ ಯೋಜನೆಯಿಂದ ಮೊದಲು ಮೋಸಹೋದವರು ಯಾರು? ಕಾಡು ಕಳೆದುಕೊಂಡ ಘಟ್ಟದವರಷ್ಟೇ ಅಲ್ಲ, ವರ್ಷಗಟ್ಟಲೆ ಕಾದ ಕೋಲಾರದವರು. ಶಾಶ್ವತ ನೀರಾವರಿಗಾಗಿ 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟಾಗ ಲಾಠಿ ತಿಂದವರೂ ಇವರೇ.

“ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು” ಎಂಬುದು ಇನ್ನೊಂದು ಮಂತ್ರ. ಎತ್ತಿನಹೊಳೆಯು ಗುಂಡ್ಯ ಹೊಳೆಗೆ, ಅದು ಕುಮಾರಧಾರೆಗೆ, ಅದು ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟೆಯೇ ಮಂಗಳೂರಿನ ಕುಡಿಯುವ ನೀರು. 2016 ಮತ್ತು 2019ರ ಬೇಸಗೆಗಳಲ್ಲಿ ಆ ನಗರವೇ ಸರದಿಯಂತೆ ನೀರು ಹಂಚಬೇಕಾಯಿತು. ಇದು ವ್ಯರ್ಥದ ಲಕ್ಷಣವೇ?

ವಿದ್ಯಾರ್ಥಿಗಳು ಬಸ್ಸಿನಲ್ಲಿಯೇ ಮಾಡಬಹುದಾದ ಗುಣಾಕಾರವೊಂದಿದೆ. ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರು, ವರ್ಷದ ಮಳೆ 700 ಮಿಲಿಮೀಟರಿನ ಆಸುಪಾಸು. ಗುಣಿಸಿದರೆ 280 ಕೋಟಿ ಘನ ಮೀಟರು, ಅಂದರೆ ಸುಮಾರು 99 ಟಿಎಂಸಿ. ಇದರ ಬಹುಪಾಲು ಬೆಳೆಗೆ, ಮಣ್ಣಿಗೆ, ಬಿಸಿಲಿಗೆ ಹೋಗುತ್ತದೆ. ಅದೆಲ್ಲವನ್ನೂ ಹಿಡಿಯಲಾಗದು. ಆದರೆ ಹತ್ತನೆಯ ಒಂದು ಪಾಲು ಕೆರೆಗಳಲ್ಲಿ ನಿಂತರೂ ವಿಜ್ಞಾನಿಗಳು ಹೇಳಿದ ಎತ್ತಿನಹೊಳೆಯ ಇಡೀ ಇಳುವರಿಗೆ ಸಮ. ಆ ನೀರಿಗೆ ಪಂಪು ಬೇಡ, ಸುರಂಗ ಬೇಡ, ಏಳು ಜಿಲ್ಲೆಗಳ ಸರದಿ ಬೇಡ. ಪೋಷಕ ಕಾಲುವೆಗಳ ಒತ್ತುವರಿ ತೆರವಾಗಬೇಕು, ತೂಬು ದುರಸ್ತಿಯಾಗಬೇಕು, ನೀಲಗಿರಿ ಬುಡಸಹಿತ ಹೋಗಬೇಕು. ಇದರಲ್ಲಿ ದೊಡ್ಡ ಗುತ್ತಿಗೆಯಿಲ್ಲ. ಆದ್ದರಿಂದಲೇ ಇದು ಯಾವ ಪಕ್ಷದ ಪ್ರಣಾಳಿಕೆಯ ಮೊದಲ ಪುಟದಲ್ಲಿಯೂ ಇರುವುದಿಲ್ಲ.

ಮನೆ ತಲುಪಿದ ಮೇಲೆ ಮಲೆನಾಡಿಗೂ ಪ್ರಶ್ನೆಗಳಿವೆ. ಹೊಳೆ ನಮ್ಮದೆಂದು ಕೂಗುವ ನಮ್ಮ ಊರುಗಳಲ್ಲಿ ಶೋಲೆಯ ಅಂಚನ್ನು ಕಡಿದು ರೆಸಾರ್ಟು ಏಳುತ್ತಿದ್ದರೆ, ಬೆಟ್ಟದ ನೆತ್ತಿಯಲ್ಲಿ ಕೊಳವೆಬಾವಿ ಕೊರೆಯುತ್ತಿದ್ದರೆ, ಸಹಜ ಕಾಡಿದ್ದಲ್ಲಿ ಅಕೇಶಿಯ ನಿಂತಿದ್ದರೆ, ಯಾವ ಬಾಯಿಯಿಂದ ಕೋಲಾರಕ್ಕೆ ಕೆರೆಯ ಪಾಠ ಹೇಳುವುದು? ಕಾಡು ಉಳಿದರಷ್ಟೇ ಹೊಳೆ. ಹೊಳೆ ಸತ್ತ ಮೇಲೆ ಅದು ಯಾರದೆಂಬ ಜಗಳಕ್ಕೆ ಅರ್ಥವಿಲ್ಲ.

ಆದ್ದರಿಂದ ಗೆಳೆಯರೇ, ಬೇಡಿಕೆಗಳು ಎರಡೂ ತುದಿಗಳಿಂದ ಒಟ್ಟಿಗೆ ಏಳಬೇಕು. ಎತ್ತಿನಹೊಳೆಯ ಪ್ರತಿ ಒಡ್ಡಿನಲ್ಲಿ ಹರಿದ ನೀರಿನ ದಿನದಿನದ ಅಳತೆಯನ್ನು ಸಕಲೇಶಪುರದ ಪಂಚಾಯಿತಿಗಳ ಫಲಕದಲ್ಲಿಯೂ ಮುಳಬಾಗಿಲಿನ ಪಂಚಾಯಿತಿಗಳ ಫಲಕದಲ್ಲಿಯೂ ಬರೆಯಲಿ. ಕೋಲಾರದ ಕೆರೆಗಳಿಗೆ ಬರುವ ಕೊಳಚೆ ನೀರಿಗೆ ಮೂರನೆಯ ಹಂತದ ಶುದ್ಧೀಕರಣ ಕಡ್ಡಾಯವಾಗಲಿ. ಕೆರೆಗಳ ಆಡಳಿತವೂ ಹಣವೂ ಊರಿನ ಕೈಗೆ ಮರಳಲಿ. ಘಟ್ಟದ ಹೊಳೆಗಳ ತಲೆಯಲ್ಲಿ ಹೊಸ ಕಾಮಗಾರಿಗೆ ಗ್ರಾಮಸಭೆಯ ಒಪ್ಪಿಗೆ ಬೇಕೇಬೇಕು. ಈ ನಾಲ್ಕು ಮಾತುಗಳನ್ನು ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ತಾಯಲೂರಿನ ಗ್ರಾಮಸಭೆಯೂ ಘಟ್ಟದ ಗ್ರಾಮಸಭೆಯೂ ಠರಾವು ಮಾಡಿದರೆ, ನಮ್ಮನ್ನು ಪರಸ್ಪರ ಎತ್ತಿಕಟ್ಟಿ ಟೆಂಡರು ಕರೆಯುವವರಿಗೆ ಉತ್ತರ ಸಿಕ್ಕಂತೆ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಗುಣಾಕಾರದ ಹಾಳೆ ನಿಮ್ಮ ಜೇಬಿನಲ್ಲಿರಲಿ.